ಮೈಕಿನಲ್ಲಿ ಕೂಗಿದ ಉಪವಾಸ

ನನ್ನನ್ನು ನೋಡಿದವರೆಲ್ಲ ಡಾಕ್ಟರರೇ. ಕಾಗವಾಡದ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವಳಿಂದ ಹಿಡಿದು ಅಥಣಿಯ ನನ್ನ ಸೋದರತ್ತೆಯವರೆಗೆ ಎಲ್ಲರಿಗೂ ನನ್ನ ರೋಗ ಗೊತ್ತಿತ್ತು, ಅದರ ಮದ್ದೂ ಗೊತ್ತಿತ್ತು. ರೋಗದ ಹೆಸರು ‘ದಪ್ಪ’, ಮದ್ದಿನ ಹೆಸರು ‘ಕಮ್ಮಿ ಉಣ್ಣು’. ನನಗೆ ನಿಜವಾಗಿ ಏನಾಗಿದೆ ಎಂದು ತಿಳಿಯುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಆ ನಾಲ್ಕು ವರ್ಷದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಬಗಲಲ್ಲಿ, ತೊಡೆಯ ಸಂದಿಯಲ್ಲಿ, ಎದೆಯ ಕೆಳಗೆ, ಒಟ್ಟಿನಲ್ಲಿ ಯಾರಿಗೂ ತೋರಿಸಲಾಗದ ಜಾಗದಲ್ಲಿ ಮೇಲಿಂದ ಮೇಲೆ ಕುರ ಏಳುತ್ತಿರುವ ಹುಡುಗಿಯರು, ಹುಡುಗರು ಯಾರಾದರೂ ಇದ್ದರೆ ಈ ಬರಹ ಅವರಿಗೆ. ಉಳಿದವರೂ ಓದಬಹುದು, ಆದರೆ ಸಲಹೆ ಕೊಡಬೇಡಿ. ಇದರ ಕೊನೆಗೆ ನಾನು ತೆಳ್ಳಗಾಗುವುದಿಲ್ಲ. ಹಳೆಯ ಫೋಟೊ, ಹೊಸ ಫೋಟೊ ಪಕ್ಕಪಕ್ಕ ಇಟ್ಟು ತೋರಿಸುವುದೂ ಇಲ್ಲ.

ನಮ್ಮೂರು ಜುಗೂಳ. ಹಿತ್ತಲಿನಿಂದ ನಾಲ್ಕು ಹೊಲ ದಾಟಿದರೆ ಕೃಷ್ಣೆ. ಕಬ್ಬು, ಒಂದಿಷ್ಟು ಅರಿಶಿನ, ಎರಡು ಎಮ್ಮೆ ಇರುವ ಜೈನರ ಮನೆ ನಮ್ಮದು. ಅಪ್ಪ, ಅವ್ವ, ಅಪ್ಪನ ತಾಯಿ, ಮತ್ತು ನಾನು. ಅಪ್ಪನ ತಾಯಿಯನ್ನು ನಮ್ಮ ಕಡೆಯ ರೂಢಿಯಂತೆ ಆಯಿ ಎನ್ನುತ್ತೇವೆ. ಮನೆಯ ಕಾನೂನು ಆಯಿಯದು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ ಹೊಸ್ತಿಲು ದಾಟುವುದಿಲ್ಲ. ನೀರು ಸೋಸದೆ ಕುಡಿಯುವ ಹಾಗಿಲ್ಲ.

ಇಷ್ಟು ಕೇಳಿದ ಹೊರಗಿನವರು, ಇಂಥ ಮನೆಯಲ್ಲಿ ದಪ್ಪ ಆಗುವುದು ಹೇಗೆ ಎಂದು ಆಶ್ಚರ್ಯಪಡುತ್ತಾರೆ. ಹೇಳುತ್ತೇನೆ. ನಾನು ಕಾಗವಾಡದ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಕಲಿಸುತ್ತಿದ್ದೆ. ಸಂಜೆ ಬಸ್ಸು ಇಳಿದು ಮನೆ ಸೇರುವಾಗ ಸೂರ್ಯ ಆಗಲೇ ಕಬ್ಬಿನ ಗರಿಯವರೆಗೆ ಇಳಿದಿರುತ್ತಿದ್ದ. ಇಡೀ ದಿನದ ಹಸಿವನ್ನು ಅಷ್ಟರಲ್ಲೇ ಮುಗಿಸಬೇಕು. ಅವ್ವ ತಾಟಿನ ಮುಂದೆ ಕೂರಿಸಿ, ರೊಟ್ಟಿಯ ಮೇಲೆ ಬೆಣ್ಣೆ, ಅನ್ನದ ಮೇಲೆ ತುಪ್ಪ, ಉಳಿದರೆ ಸಜ್ಜಕ ಬಡಿಸುತ್ತಾ, “ಲಗೂನ ಉಣ್ಣ ಪದ್ದಿ, ಹೊತ್ತ ಮುಳಗಾಕತ್ತೈತಿ” ಎಂದು ಅವಸರಿಸುತ್ತಿದ್ದಳು. ನನಗೆ ನಿಧಾನ ಉಣ್ಣುವುದು ಗೊತ್ತೇ ಇರಲಿಲ್ಲ. ಮುಂದೆ ಬೆಳಗಿನವರೆಗೆ ಏನೂ ಸಿಗುವುದಿಲ್ಲ ಎಂಬ ಹೆದರಿಕೆಯಿಂದ ಉಂಡ ಊಟ ಅದು. ಆಮೇಲೆ ಮಲಗುವುದು. ಬಂದವರು ಮಾತ್ರ ಗಲ್ಲದ ಮೇಲೆ ಕೈ ಇಟ್ಟುಕೊಂಡು, “ಹೊತ್ತ ಮುಳಗೂದ್ರಾಗ ಉಣ್ಣೂ ಮನಿತನದಾಕಿ, ಹಿಂಗ್ಯಾಕ ಊದ್ಯಾಳ?” ಎನ್ನುತ್ತಿದ್ದರು. ನಾನು ಕದ್ದು ತಿನ್ನುತ್ತೇನೆ ಎಂಬುದು ಆ ಮಾತಿನ ಅರ್ಥ.

ಮೊದಲನೇ ಕುರ ಎದ್ದಾಗ ನಾನು ಚಿಕ್ಕೋಡಿಯಲ್ಲಿ ಡಿ.ಎಡ್. ಓದುತ್ತಿದ್ದೆ. ಬಲಗಡೆಯ ಬಗಲಲ್ಲಿ ಕಡಲೆಕಾಳಿನಷ್ಟು ಗಂಟು. ವಾರದಲ್ಲಿ ನಿಂಬೆಹಣ್ಣಿನಷ್ಟಾಯಿತು. ಅವ್ವ “ಉಷ್ಣ ಆಗೇತಿ” ಎಂದು ಸಾಬೂನು, ಬೆಲ್ಲ ಕಲಸಿ ಹಚ್ಚಿದಳು. ಒಡೆದು ಹೋಯಿತು. ಮರುತಿಂಗಳು ಅದರ ಪಕ್ಕದಲ್ಲೇ ಇನ್ನೊಂದು. ಓದು ಮುಗಿಸಿ ಊರಿಗೆ ಬಂದು ಶಾಲೆಯ ಕೆಲಸಕ್ಕೆ ಸೇರುವ ಹೊತ್ತಿಗೆ ಎಡ ಬಗಲಿಗೂ ಬಂದಿತ್ತು, ತೊಡೆಯ ಸಂದಿಗೂ ಬಂದಿತ್ತು. ಒಂದು ಕುರ ಇನ್ನೊಂದಕ್ಕೆ ಚರ್ಮದ ಒಳಗೇ ದಾರಿ ಮಾಡಿಕೊಂಡಿತ್ತು. ಒಂದನ್ನು ಒತ್ತಿದರೆ ಇನ್ನೊಂದರ ಬಾಯಿಂದ ಕೀವು ಬರುತ್ತಿತ್ತು. ಓದಲು ಹೇಸಿಗೆ ಎನಿಸಿದರೆ ಎನಿಸಲಿ. ನಾನು ಅದರ ಜೊತೆ ಮಲಗಿ ಏಳುತ್ತಿದ್ದೆ.

ಪಕ್ಕದ ಮನೆಯ ಶಾಂತಾ ಕಾಕು ಮರಾಠರವಳು. ನನ್ನ ನರಳಾಟ ಗೋಡೆಯಾಚೆ ಕೇಳಿಸಿಕೊಂಡು ಒಂದು ದಿನ ಉಳ್ಳಾಗಡ್ಡಿಯನ್ನು ಕೆಂಡದಲ್ಲಿ ಸುಟ್ಟು, ಅರಿಶಿನ ಹಚ್ಚಿ, ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಆಯಿ ಹೊಸ್ತಿಲಲ್ಲೇ ಕೂತಿದ್ದಳು.

“ಉಳ್ಳಾಗಡ್ಡಿ ನಮ್ಮ ಮನ್ಯಾಗ ಬರೂದಿಲ್ಲ ಶಾಂತಾ.”

“ತಿನ್ನಾಕಲ್ರಿ ಆಯಿ, ಕಟ್ಟಾಕ.”

“ಕಟ್ಟಾಕೂ ಇಲ್ಲ.”

ಹಾಗಾಗಿ ನಾನೇ ಶಾಂತಾ ಕಾಕುವಿನ ಹಿತ್ತಲಿಗೆ ಹೋಗಿ, ಅವರ ಎಮ್ಮೆಯ ಪಕ್ಕದ ಕಲ್ಲಿನ ಮೇಲೆ ತೋಳೆತ್ತಿ ಕೂರುತ್ತಿದ್ದೆ. ಬಿಸಿ ಆರುವವರೆಗೆ ಕೂತು, ಬಿಚ್ಚಿ ಅಲ್ಲೇ ಎಸೆದು, ನಮ್ಮ ಮನೆಗೆ ಬಂದು ಸ್ನಾನ ಮಾಡಬೇಕು. ಉಳ್ಳಾಗಡ್ಡಿಯಿಂದ ರೋಗವೇನೂ ಹೋಗಲಿಲ್ಲ. ಬಿಸಿಗೆ ನೋವು ಸ್ವಲ್ಪ ಹಿಡಿತಕ್ಕೆ ಬರುತ್ತಿತ್ತು, ಅಷ್ಟೇ. ಆದರೆ ಕಾಕು ಒಮ್ಮೆಯೂ ಮೂಗು ಮುಚ್ಚಿಕೊಳ್ಳಲಿಲ್ಲ, ಒಮ್ಮೆಯೂ ನನ್ನ ತೋಳಿನ ಗಾತ್ರದ ಬಗ್ಗೆ ಮಾತಾಡಲಿಲ್ಲ. ಆಯಿಯ ಮೇಲೆ ಆಗ ಬಂದ ಸಿಟ್ಟು ಬಹಳ ದಿನ ಉಳಿಯಿತು.

ಊರ ಹತ್ತಿರದ ಡಾಕ್ಟರರು ಪ್ರತಿ ಸಲ ಕುಯ್ದು, ಕೀವು ತೆಗೆದು, ಐದು ದಿನದ ಗುಳಿಗೆ ಬರೆದು ಕಳಿಸುತ್ತಿದ್ದರು. ಕಳಿಸುವಾಗ ಎರಡು ಮಾತು ಜೊತೆಗೆ ಉಚಿತ. “ಸ್ವಚ್ಛತಾ ಇಟ್ಕೋಬೇಕವಾ” ಮತ್ತು “ತೂಕ ಇಳಸಬೇಕವಾ.” ಮೊದಲನೆಯ ಮಾತಿಗೆ ನಾನು ದಿನಕ್ಕೆರಡು ಸಲ ಬೇವಿನೆಲೆಯ ನೀರಿನಲ್ಲಿ ಚರ್ಮ ಕೆಂಪಾಗುವವರೆಗೆ ಉಜ್ಜಿಕೊಳ್ಳುತ್ತಿದ್ದೆ. ಸೋಸದ ನೀರು ಕುಡಿಯದ ಮನೆಯ ಹುಡುಗಿಗೆ ‘ನೀನು ಹೊಲಸು’ ಎಂದು ಹೇಳಿದರೆ ಹೇಗಾಗುತ್ತದೆ ಎಂದು ಆ ಮನುಷ್ಯನಿಗೆ ತಿಳಿದಿರಲಿಲ್ಲ. ಎರಡನೆಯ ಮಾತಿಗೆ ಬೆಳಗಿನ ನಾಷ್ಟಾ ಬಿಟ್ಟೆ. ಸಂಜೆಗೆ ಇನ್ನೂ ಹಸಿದು ಬಂದು ಇನ್ನೂ ಹೆಚ್ಚು ಉಂಡೆ. ತೂಕ ಇಳಿಸುವುದು ಹೇಗೆ ಎಂದು ಅವರು ಹೇಳಲಿಲ್ಲ, ತೂಕಕ್ಕೂ ಕುರಕ್ಕೂ ಏನು ಸಂಬಂಧ ಎಂದೂ ಹೇಳಲಿಲ್ಲ. ಹೇಳಲು ಅವರಿಗಾದರೂ ಗೊತ್ತಿತ್ತೋ ಇಲ್ಲವೋ.

ಶಾಲೆಯಲ್ಲಿ ನನ್ನ ಗುಟ್ಟು ಬಯಲು ಮಾಡಿದ್ದು ಕರಿಹಲಗೆ. ಬಲಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಎತ್ತಿದರೆ ಒಳಗೆ ಯಾರೋ ದಬ್ಬಣದಿಂದ ಹೊಲಿದಂತೆ ಎಳೆಯುತ್ತಿತ್ತು. ಹಾಗಾಗಿ ಹಲಗೆಯ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದೆ. ಹಿಂದಿನ ಸಾಲಿನ ಮಕ್ಕಳು ಕತ್ತು ಎತ್ತಿ ಎತ್ತಿ ಸೋತು, ಎದ್ದು ಮುಂದೆ ಬಂದು ನೆಲದ ಮೇಲೆ ಕೂತು ಬರೆದುಕೊಳ್ಳುತ್ತಿದ್ದವು. ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ದಿನದಿಂದ ದಿನಕ್ಕೆ ಕಿಟಕಿಯ ಕಡೆ ಸರಿಯಿತು. ಕೊನೆಗೆ ಜೂನ್ ತಿಂಗಳಲ್ಲಿ ಹೆಡ್‌ಮಾಸ್ತರರು ಕರೆಸಿದರು.

“ಟೀಚರ್, ಬೋರ್ಡ ಅರ್ಧಾ ಖಾಲಿ ಬಿಡ್ತೀರಂತ ಪಾಲಕರು ಹೇಳಾಕತ್ತಾರ. ದಸರಾ ಸೂಟಿತನಕ ನೋಡ್ತೀನಿ. ಸೂಟಿ ಮುಗಿದ ಮ್ಯಾಲ ಕೈ ನೆಟ್ಟಗಿದ್ರ ಬರ್ರಿ. ಇಲ್ಲಾಂದ್ರ ನಾ ಬ್ಯಾರೇದವ್ರನ್ನ ತಗೋಬೇಕಾಗ್ತೈತ್ರಿ.”

ಆ ಕೆಲಸದ ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಆ ಕೆಲಸ ಇರುವುದರಿಂದಲೇ ನಾನು ದಿನವೂ ಬಸ್ಸು ಹತ್ತುತ್ತಿದ್ದೆ. ಜಗತ್ತಿನಲ್ಲಿ ನಲವತ್ತು ಮಕ್ಕಳು ನನ್ನನ್ನು ‘ದಪ್ಪ’ ಎನ್ನದೆ ‘ಟೀಚರ್’ ಎನ್ನುತ್ತಿದ್ದರು. ಅದು ಹೋದರೆ ನಾನು ಮನೆಯಲ್ಲಿ ಕೂತು, ನೋಡಲು ಬಂದ ಗಂಡಿನ ಕಡೆಯವರ ಮುಂದೆ ಬಗಲು ಬಿಗಿ ಹಿಡಿದು ಅವಲಕ್ಕಿ ತಾಟು ಇಡಬೇಕು. ಹೇಗಾದರೂ ಮಾಡಿ ದಸರೆಯೊಳಗೆ ಈ ಕೈ ಎತ್ತಬೇಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಅಪ್ಪ ಮಾತು ಕಡಿಮೆ. ಒಂದು ಭಾನುವಾರ ಹಗ್ಗದ ಮೇಲೆ ಒಣಗಿದ ನನ್ನ ಕುಪ್ಪಸದ ಕಲೆ ನೋಡುತ್ತಾ ಸ್ವಲ್ಪ ಹೊತ್ತು ನಿಂತವನು ಒಳಗೆ ಬಂದು, “ನಾಳಿ ಮಿರಜಕ್ಕ ಹೋಗೂಣು” ಎಂದ. ಅವ್ವ ಏನಾದರೂ ಕೇಳುವ ಮೊದಲೇ ಹೊಲಕ್ಕೆ ಹೋದ.

ಗಡಿಯಾಚೆ ಮಿರಜದ ದವಾಖಾನೆಗಳ ಬೆಂಚಿನ ಮೇಲೆ ಕೂತರೆ ನಮ್ಮ ಕಡೆಯ ಅರ್ಧ ಜನ ಅಲ್ಲೇ ಸಿಗುತ್ತಾರೆ. ರಾಯಬಾಗದ ಮೊಣಕಾಲು, ಚಿಕ್ಕೋಡಿಯ ಕಿಡ್ನಿ, ನಿಪ್ಪಾಣಿಯ ತಂಬಾಕಿನ ಕೆಮ್ಮು ಎಲ್ಲವೂ ಒಂದೇ ಸಾಲಿನಲ್ಲಿ. ನಾನು ಗುಪ್ತವಾಗಿ ತೋರಿಸಿಕೊಂಡು ಬರಬೇಕೆಂದಿದ್ದರೆ, ಪಕ್ಕದಲ್ಲಿ ಕೂತ ರಾಯಬಾಗದ ಹೆಂಗಸು ಮೊದಲು ನಮ್ಮ ಅಡ್ಡಹೆಸರು ಕೇಳಿದಳು, ಆಮೇಲೆ ಸೋದರಮಾವನ ಊರು ಕೇಳಿದಳು, ಆಮೇಲೆ ರೋಗ.

“ಏನ ತ್ರಾಸವಾ ನಿನಗ?”

“ಕೂದಲ ಉದರತಾವ್ರಿ.”

ಅವಳು ನನ್ನ ದಪ್ಪ ಜಡೆಯನ್ನು ಬುಡದಿಂದ ತುದಿಯವರೆಗೆ ನೋಡಿದಳು. “ಹೌದೇನು. ಥೈರಾಯಿಡ್ ಇರಬೇಕು ತಗೋ. ಮೈ ನೋಡಿದ್ರ ತಿಳಿತೈತಿ.” ಅಪ್ಪ ಸುಮ್ಮನೆ ಕೆಮ್ಮಿದ. ಚರ್ಮದ ಡಾಕ್ಟರರ ಬಾಗಿಲಲ್ಲೂ ನನಗೊಬ್ಬಳು ಡಾಕ್ಟರು ಸಿಕ್ಕಿದ್ದಳು.

ಒಳಗಿದ್ದ ಡಾಕ್ಟರಬಾಯಿ ಮರಾಠಿ ಮಾತಾಡುವವರು. ನಮ್ಮ ಗಡಿಯ ಕಡೆ ಅದೇನು ತೊಂದರೆಯಲ್ಲ. ಅವರು ದೀಪವನ್ನು ಹತ್ತಿರ ಎಳೆದು, ಬಗಲನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಮೆಲ್ಲಗೆ ಒತ್ತಿ, ಒಳಗಿನ ದಾರಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಹುಡುಕಿದರು. ಆಮೇಲೆ, ತೊಡೆಯ ಸಂದಿಯಲ್ಲೂ ಇದೆಯಾ ಎಂದು ಕೇಳಿದರು. ನಾನು ಅದನ್ನು ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ. ಅವರು ಕೇಳಿದ ಮೇಲೆ ನನ್ನಿಂದ ಅಳು ತಡೆಯಲಾಗಲಿಲ್ಲ. ಹೇಳದೆ ತಿಳಿದುಕೊಂಡರು ಎಂದರೆ ಇದಕ್ಕೊಂದು ಹೆಸರಿದೆ, ನನಗೊಬ್ಬಳಿಗೇ ಬಂದದ್ದಲ್ಲ ಎಂದಾಯಿತು.

ಹೆಸರು ಉದ್ದನೆಯದು, ಆಗ ನನ್ನ ನಾಲಿಗೆಗೆ ಒಗ್ಗಲಿಲ್ಲ. ರಕ್ತ ತೆಗೆಸಿ ನೋಡಿ ಅವರು ನಕ್ಕರು, ಆದರೆ ಅದು ಗೇಲಿ ಮಾಡುವ ನಗುವಲ್ಲ. ಇಪ್ಪತ್ತೈದು ದಾಟದ ಹುಡುಗಿಯ ರಕ್ತದಲ್ಲಿ ಉರಿಯೂತ ಈ ಮಟ್ಟಕ್ಕೆ ಏರಿದೆ, ನಿನ್ನ ಮೈಯೊಳಗೆ ಯಾರೂ ನಿದ್ದೆ ಮಾಡಿಲ್ಲ ಎಂದರು. ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಮೈಯ ಕೊಬ್ಬು ಮೂಲೆಯಲ್ಲಿ ಬಿದ್ದ ಗೋಣಿಚೀಲವಲ್ಲ. ಹೆಚ್ಚಾದಾಗ ಅದು ರಕ್ತದಲ್ಲಿರುವ ಬಿಳಿ ಕಣಗಳನ್ನು ದಿನವಿಡೀ ಕರೆಯುತ್ತಿರುತ್ತದೆ, ಏನೋ ಆಗಿದೆ ಬನ್ನಿ ಎಂದು. ಏನೂ ಆಗಿರುವುದಿಲ್ಲ. ಆದರೂ ಕಾವಲಿನವರು ವರ್ಷಗಟ್ಟಲೆ ಎಚ್ಚರಿದ್ದು ಸಿಡುಕರಾಗುತ್ತಾರೆ. ಬಗಲಲ್ಲಿ ಒಂದು ಕೂದಲಿನ ಬುಡ ಮುಚ್ಚಿಕೊಂಡರೂ ಸಾಕು, ಕಳ್ಳ ಬಂದ ಎಂದು ನುಗ್ಗಿ ಮನೆಯನ್ನೇ ಹಾಳು ಮಾಡುತ್ತಾರೆ.

“ಹಂಗಾರ ಇದೂ ದಪ್ಪ ಇದ್ದದ್ದಕ್ಕ ಆತೇನ್ರಿ?” ಎಂದು ನಾನು ಕೇಳಿದೆ. ದನಿಯಲ್ಲಿ ಜಗಳವಿತ್ತು. ಅದೊಂದರಿಂದಲೇ ಅಲ್ಲ, ಸಣ್ಣಗಿದ್ದವರಿಗೂ ಬರುತ್ತದೆ, ಆದರೆ ತೂಕ ಇದ್ದರೆ ಬೆಂಕಿಗೆ ಗಾಳಿ ಸಿಕ್ಕಂತೆ ಎಂದರು. ತೂಕ ಇಳಿದರೆ ಹೋಗುತ್ತದಾ ಎಂದೆ. ಕಡಿಮೆಯಾಗಬಹುದು, ಮಾತು ಕೊಡಲಾರೆ ಎಂದರು. ನನ್ನ ಜೀವನದಲ್ಲಿ ತೂಕದ ಬಗ್ಗೆ ‘ಮಾತು ಕೊಡಲಾರೆ’ ಎಂದ ಮೊದಲ ವ್ಯಕ್ತಿ ಅವರು. ಹೊಲಸಿನಿಂದ ಬಂತಾ ಎಂದು ಕೇಳಿದಾಗ ಮಾತ್ರ ನನ್ನ ಕೈ ಹಿಡಿದುಕೊಂಡು, “ಬಾಳ, ತುಝೀ ಕಾಹೀ ಚೂಕ ನಾಹೀ” ಎಂದರು. ಮಗೂ, ನಿನ್ನದೇನೂ ತಪ್ಪಿಲ್ಲ. ಆ ಮಾತನ್ನು ನಾನು ಬಸ್ಸಿನಲ್ಲಿ ಕಾಗವಾಡದವರೆಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಂದೆ.

ಗುಳಿಗೆ ತಿಂಗಳುಗಟ್ಟಲೆ ತಗೊಳ್ಳಬೇಕಿತ್ತು. ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರಬಾಯಿ ಬೆರಳೆತ್ತಿ ಹೇಳಿದ್ದರು. ತಪ್ಪಿಸಲಿಲ್ಲ. ಶ್ರಾವಣದ ಹೊತ್ತಿಗೆ ಕೀವು ನಿಂತಿತು. ಒಂದು ಬೆಳಿಗ್ಗೆ ಹಲಗೆಯ ಮುಂದೆ ನಿಂತವಳು ಗಮನವೇ ಇಲ್ಲದೆ ದಿನಾಂಕವನ್ನು ತುದಿಯಲ್ಲಿ ಬರೆದಿದ್ದೆ. ಬರೆದ ಮೇಲೆ ಗೊತ್ತಾಯಿತು. ದಸರೆಗೆ ಇನ್ನೂ ಸಮಯವಿತ್ತು, ಕೈ ಏಳುತ್ತಿತ್ತು. ಅಷ್ಟು ಸುಖವಾಗಿ ನಾನು ಬಹಳ ದಿನ ಇದ್ದಿರಲಿಲ್ಲ.

ಭಾದ್ರಪದ ಬಂತು. ನಮ್ಮ ದಶಲಕ್ಷಣ ಪರ್ವದ ಹತ್ತು ದಿನಕ್ಕೆ ಅಥಣಿಯಿಂದ ಚಂಪಾ ಅತ್ತೆಯೂ ಬಂದಳು. ಅಪ್ಪನ ಅಕ್ಕ. ಒಳ್ಳೆಯದು ಮಾಡದೆ ಬಿಡದ ಹೆಂಗಸು. ಬಂದ ಸಂಜೆಯೇ ನನ್ನ ಮೈಯನ್ನು ಮೇಲಿಂದ ಕೆಳಗೆ ನೋಡಿ, “ಹತ್ತ ಉಪವಾಸ ಮಾಡಲಿ ಇಕಿ. ಮೈನೂ ಇಳಿತೈತಿ, ಕರ್ಮನೂ ಕಳಿತೈತಿ. ಕುರದ ಗುಳಿಗಿ ಯಾಕ ಬೇಕ?” ಎಂದಳು. ಹತ್ತು ಉಪವಾಸವೆಂದರೆ ಹತ್ತು ದಿನ ಅನ್ನವಿಲ್ಲ, ಹಾಲಿಲ್ಲ, ಹಣ್ಣಿಲ್ಲ. ದಿನಕ್ಕೊಮ್ಮೆ ಕಾಸಿ ಆರಿಸಿದ ನೀರು ಮಾತ್ರ. ಗುಳಿಗೆಯೂ ಇಲ್ಲ. ನಾನು ಆಗಲ್ಲ ಎಂದೆ, ಮಿರಜದ ಡಾಕ್ಟರಬಾಯಿ ಹೇಳಿದ್ದನ್ನು ಹೇಳಿದೆ. ಅತ್ತೆ ಆಯಿತು ಎಂದು ತಲೆ ಆಡಿಸಿದಳು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡಲು ಜಡೆ ಹೆಣೆದುಕೊಳ್ಳುತ್ತಿದ್ದೆ. ಬಸದಿಯ ಮೈಕು ಶುರುವಾಯಿತು. ನಮ್ಮ ಕಡೆ ಹತ್ತು ಉಪವಾಸ ಹಿಡಿದವರ ಹೆಸರನ್ನು ಮೈಕಿನಲ್ಲಿ ಹೇಳುತ್ತಾರೆ. ಅದು ದೊಡ್ಡ ಮಾನ. ಇಡೀ ಊರು ಅವರ ಮನೆಗೆ ಬಂದು ನಮಸ್ಕಾರ ಮಾಡುತ್ತದೆ. ಬಸದಿಯ ಪೂಜಾರಿ ಉಪಾಧ್ಯೆಯವರ ದನಿ ಮೂರು ಹೆಸರು ಹೇಳಿತು. ಮೂರನೆಯದು ನನ್ನದು.

ಅತ್ತೆ ಬಸದಿಯಿಂದ ಕುಂಕುಮ ಹಿಡಿದುಕೊಂಡೇ ಬಂದಳು. “ಹೆಸರ ಹಚ್ಚಿ ಬಂದೀನಿ. ಇನ್ನ ನೇಮ ಆತು. ದೇವರ ಮುಂದ ಆದ ನೇಮ ಮುರಿಯಾಕ ಬರೂದಿಲ್ಲ.”

ಅವ್ವ ಒಲೆಯ ಮುಂದೆ ಅಳಲು ಶುರು ಮಾಡಿದಳು. “ಊರೆಲ್ಲಾ ಕೇಳೇತಿ ಪದ್ದಿ. ಈಗ ಒಲ್ಲೆ ಅಂದ್ರ ಮಂದಿ ಏನಂದಾರು.” ಅಪ್ಪ ಎಂದಿನಂತೆ ಹೊಲಕ್ಕೆ ಹೋದ. ನನ್ನ ಅಪ್ಪ ಮಿರಜಕ್ಕೆ ಕರೆದುಕೊಂಡು ಹೋಗಬಲ್ಲ, ಅಕ್ಕನಿಗೆ ಎದುರು ಮಾತಾಡಲಾರ. ಗುಳಿಗೆಯ ಡಬ್ಬಿಯನ್ನು ಅತ್ತೆ ತೆಗೆದು ಗೋಡೆಯ ದೇವರ ಮಾಡದಲ್ಲಿಟ್ಟಳು. ನೀರನ್ನು ತಾನೇ ಕಾಸಿ, ತಾನೇ ಕೊಡುತ್ತಿದ್ದಳು. ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು. ಶಾಲೆಗೆ ರಜೆ ಚೀಟಿ ಹೋಯಿತು.

ಉಪವಾಸ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನಂಬಿ ಮಾಡುವವರ ಮುಖ ನೋಡಿದ್ದೇನೆ, ನನ್ನ ಜೊತೆ ಹೆಸರು ಕೂಗಿಸಿಕೊಂಡ ಇನ್ನಿಬ್ಬರು ಹಾಗೇ ಇದ್ದರು. ನನ್ನ ಉಪವಾಸ ಬೇರೆ. ಅದು ನನ್ನ ಮೈಗೆ ಕೊಟ್ಟ ಶಿಕ್ಷೆ, ಮೇಲೆ ಮಾತ್ರ ಪುಣ್ಯದ ಬಟ್ಟೆ ಹೊದಿಸಿದ್ದರು. ನೋಡಲು ಬಂದ ಹೆಂಗಸರು ಕಾಲು ಒತ್ತುತ್ತಾ, “ಎಷ್ಟ ಇಳದಾಳ ನೋಡ್ರಿ” ಎನ್ನುವರು, ಆಮೇಲೆ ನೆನಪಾಗಿ, “ಪುಣ್ಯೇವಂತಿ” ಎನ್ನುವರು. ಯಾವ ಮಾತು ಮೊದಲು ಬರುತ್ತಿತ್ತು ಎಂದು ನಾನು ಗಮನಿಸಿದ್ದೇನೆ.

ನಾಲ್ಕನೇ ದಿನ ಬಗಲಲ್ಲಿ ಹಳೆಯ ಜಾಗವೇ ಗಟ್ಟಿಯಾಯಿತು. ಆರನೇ ದಿನ ಎಡಕ್ಕೆ ಹೊರಳಲು ಆಗಲಿಲ್ಲ, ಬಲಕ್ಕೂ ಆಗಲಿಲ್ಲ. ಏಳನೇ ದಿನ ಪೂಜೆ ಮುಗಿಸಿಕೊಂಡು ಹೆಂಗಸರೆಲ್ಲ ಪಡಸಾಲೆಯಲ್ಲಿ ಬಂದು ಕೂತಾಗ ನನಗೆ ಚಳಿ ಹತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಒಬ್ಬಳು ನನ್ನ ಮುಖ ನೋಡಿ, “ಮಾರಿ ಮ್ಯಾಲ ತೇಜ ಬಂದೈತಿ” ಎಂದಳು. ಅದು ಜ್ವರ.

ಅತ್ತೆ ಕಿವಿಯ ಹತ್ತಿರ ಬಾಗಿ, “ಇನ್ನ ಮೂರ ದಿವಸ, ತಡ್ಕೋ. ಪಾರಣಿ ದಿವಸ ಬ್ಯಾಂಡ ಹೇಳೇನಿ, ಸೀರಿ ತಂದೇನಿ” ಎಂದಳು. ಪಾರಣೆಯೆಂದರೆ ಉಪವಾಸ ಬಿಡಿಸುವ ದಿನ. ನನ್ನ ಮೆರವಣಿಗೆ ಅವಳ ಕಣ್ಣ ಮುಂದೆ ಆಗಲೇ ನಡೆಯುತ್ತಿತ್ತು.

ನೀರಿನ ಹೊತ್ತಾಗಿತ್ತು. ಆ ದಿನ ಆಯಿ ತಂಬಿಗೆ ಹಿಡಿದು ಬಂದಳು. ತಗೊಳ್ಳಲು ಬಲಗೈ ಚಾಚಿದೆ, ಕೈ ಮಡಿಲಿನಿಂದ ಏಳಲೇ ಇಲ್ಲ. ಆಯಿ ಸೆರಗು ಸರಿಸಿ ನೋಡಿದಳು. ಬಗಲಿನ ಊತ ಎದೆಯವರೆಗೆ ಇಳಿದಿತ್ತು, ಕೆಂಪನೆಯ ಗೆರೆಯೊಂದು ಮೊಣಕೈಯ ಕಡೆ ಹೊರಟಿತ್ತು. ಅವಳ ಬೆರಳು ಅಲ್ಲಿ ತಾಗಿದಾಗ ನಾನು ಕೂಗಿದೆ. ದಸರೆ ನೆನಪಾಯಿತು, ಹಲಗೆಯ ತುದಿಯಲ್ಲಿ ಬರೆದ ದಿನಾಂಕ ನೆನಪಾಯಿತು, ಮತ್ತು ನನಗೆ ಸಾವಿನ ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂತು.

“ಅವ್ವಾ, ನನ್ನ ಗುಳಿಗಿ ಡಬ್ಬಿ ತಾ.”

ಅವ್ವ ಅತ್ತೆಯ ಮುಖ ನೋಡಿದಳು. ಅತ್ತೆ ಮೆತ್ತಗೆ, “ನೇಮ ಐತಿ ಪದ್ದಿ” ಎಂದಳು.

“ನೇಮ ನಾ ತಗೊಂಡಿಲ್ಲ. ಮೈಕ್ ತಗೊಂಡೈತಿ. ಅದಕ್ಕ ಮಾಡ ಅನ್ರಿ.”

ಕಾಲು ಒತ್ತುತ್ತಿದ್ದವಳು ಕೈ ಹಿಂದೆ ತೆಗೆದುಕೊಂಡಳು. ನಾನು ಗೋಡೆ ಹಿಡಿದು ಎದ್ದೆ. ದೇವರ ಮಾಡಕ್ಕೆ ಎಡಗೈ ಚಾಚಿ ಡಬ್ಬಿ ತೆಗೆದೆ, ಅಡುಗೆಮನೆಗೆ ಹೋಗಿ ಪಾತ್ರೆಯಲ್ಲಿದ್ದ ಹಾಲಿನ ಜೊತೆ ಗುಳಿಗೆ ನುಂಗಿದೆ. ಬಾಗಿಲಲ್ಲಿ ನಿಂತವರೆಲ್ಲ ನೋಡಲಿ ಎಂದೇ ಕುಡಿದೆ. ಹಾಲು ಗಲ್ಲದಿಂದ ಕುಪ್ಪಸದ ಮೇಲೆ ಇಳಿಯುತ್ತಿತ್ತು.

“ಏಳ ದಿವಸದ ಪುಣ್ಯೇ ಗಟಾರಕ್ಕ ಹಾಕಿದಿ” ಎಂದಳು ಅತ್ತೆ. “ಈ ಪಾಪ ಯಾರ ಹೊರೂದು?”

ಆಯಿ ತಂಬಿಗೆಯನ್ನು ಕೆಳಗಿಟ್ಟಳು. ಉಳ್ಳಾಗಡ್ಡಿಯನ್ನು ಕಟ್ಟಲಿಕ್ಕೂ ಒಳಗೆ ಬಿಡದ ಆಯಿ ಅವಳು. ನಾನು ಅವಳ ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. “ಉಳದದ್ದ ನಾ ಮಾಡ್ತೀನಿ,” ಎಂದಳು. “ಉಪಾಧ್ಯೆಗ ಹೇಳಿ ಬರ್ರಿ, ಹೆಸರ ಬದಲ ಮಾಡ ಅಂತ. ಚಂಪಾ, ನೀ ಹೊಲಕ್ಕ ಹೋಗಿ ತಮ್ಮನ್ನ ಕರಕೊಂಡ ಬಾ. ಹುಡುಗಿನ್ನ ಮಿರಜಕ್ಕ ಒಯ್ಯಬೇಕ.”

ಮೈಕಿನಲ್ಲಿ ಹೆಸರು ಬದಲಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆಗ ನಾನು ಬಾಡಿಗೆ ಜೀಪಿನಲ್ಲಿದ್ದೆ.

ಡಾಕ್ಟರಬಾಯಿ ನನ್ನ ಮೇಲೆ ಸಿಟ್ಟಾಗಲಿಲ್ಲ, ಅಪ್ಪನ ಮೇಲೆ ಆದರು. ಗುಳಿಗೆ ಯಾರು ನಿಲ್ಲಿಸಿದ್ದು ಎಂದು ಎರಡು ಸಲ ಕೇಳಿದರು. ಅಪ್ಪ ಎರಡು ಸಲವೂ ನೆಲ ನೋಡಿದ. ಬಲ ಬಗಲಿನ ಕೆಟ್ಟ ಚರ್ಮವನ್ನೆಲ್ಲ ಕತ್ತರಿಸಿ ತೆಗೆಯಬೇಕಾಯಿತು. ಹೊಲಿಗೆ ಹಾಕದೆ, ಒಳಗಿನಿಂದ ತಾನೇ ತುಂಬಿಕೊಂಡು ಬರಲಿ ಎಂದು ಗಾಯವನ್ನು ತೆರೆದೇ ಬಿಟ್ಟರು. ದಿನವೂ ಪಟ್ಟಿ ಬದಲಿಸುವ ನರ್ಸು ಮಿರಜದ ಹುಡುಗಿ, ಅರಳೆಯನ್ನು ನೀರಿನಿಂದ ನೆನೆಸಿ ನೆನೆಸಿ, ಮೊದಲ ದಿನದಿಂದ ಕೊನೆಯ ದಿನದವರೆಗೆ ಅದೇ ಸಾವಕಾಶದಿಂದ ಬಿಡಿಸಿದಳು. ಅವಳ ಹೆಸರು ಕೇಳಲಿಲ್ಲ ಎಂದು ಈಗ ಬೇಸರವಾಗುತ್ತದೆ.

ದವಾಖಾನೆಯಲ್ಲಿ ಎರಡನೇ ದಿನ ಉಪ್ಪಿಟ್ಟು ಕೊಟ್ಟರು. ಅದರಲ್ಲಿ ಉಳ್ಳಾಗಡ್ಡಿ ಇತ್ತು. ಅಪ್ಪ ನೋಡಿದ. ನಾನು ತಟ್ಟೆ ಖಾಲಿ ಮಾಡಿದೆ. ಆ ಹೊತ್ತಿನಲ್ಲಿ ಜುಗೂಳದಲ್ಲಿ ನನ್ನ ಪಾಪ ತೊಳೆಯಲು ಎಪ್ಪತ್ತು ದಾಟಿದ ಆಯಿ ಬರೀ ನೀರು ಕುಡಿದು ಕೂತಿದ್ದಳು. ಅದು ಪ್ರೀತಿ, ನನಗೆ ಗೊತ್ತು. ಆ ಪ್ರೀತಿಯಿಂದ ನನ್ನ ಜೀವ ಉಳಿಯಿತು ಎಂಬುದೂ ಗೊತ್ತು. ಆದರೂ ನಮ್ಮ ಮನೆಯಲ್ಲಿ ಪ್ರೀತಿ ತೋರಿಸಬೇಕಾದರೆ ಯಾರಾದರೂ ಒಬ್ಬರು ಹಸಿದಿರಲೇಬೇಕು ಎಂಬುದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಊರಿಗೆ ಬಂದ ಮೇಲೆ ಆಯಿಗೆ ಹಾಗೇ ಹೇಳಿದೆ. “ಹಂಗಾರ ನೀ ಬ್ಯಾರೇ ತರಾ ಮಾಡ,” ಎಂದು ಅವಳು ಬೆಣ್ಣೆ ಕಡೆಯುತ್ತಾ ಕೂತಳು.

ದಸರೆ ಬಂತು, ಹೋಯಿತು. ಗಾಯ ಇನ್ನೂ ತೆರೆದಿತ್ತು. ಶಾಲೆಯವರು ಹೇಳಿದಂತೆ ನನ್ನ ಜಾಗಕ್ಕೆ ಬೇರೆಯವರನ್ನು ತಗೊಂಡರು. ನನ್ನ ಮಕ್ಕಳು ಹೊಸ ಟೀಚರ್‌ಗೆ ಹಲಗೆಯ ಕೆಳಗೇ ಬರೆಯಿರಿ ಎಂದು ಹಟ ಮಾಡಿದವಂತೆ. ಅದನ್ನು ಕೇಳಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ವಿಷಯ ಹೇಳುತ್ತೇನೆ. ತೂಕದ ವಿಚಾರದಲ್ಲಿ ಆ ಜನರೆಲ್ಲ ಹೇಳಿದ್ದರಲ್ಲಿ ಒಂದು ಎಳೆ ನಿಜವಿತ್ತು. ಉಪವಾಸದಲ್ಲಿ ಇಳಿದದ್ದೆಲ್ಲ ದೀಪಾವಳಿಯೊಳಗೆ ಮರಳಿ ಬಂತು. ಆದರೆ ಆಮೇಲೆ ನಾನು ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ಸ್ವಲ್ಪ ಬೇಗನೇ ಇನ್ನೊಮ್ಮೆ ಏನಾದರೂ ತಿಂದು, ಸೂರ್ಯನ ಜೊತೆ ಓಟ ಬಿಟ್ಟುಬಿಟ್ಟೆ. ಸಂಜೆ ಶಾಂತಾ ಕಾಕುವಿನ ಜೊತೆ ನದಿಯವರೆಗೆ ನಡೆದೆ. ಅವಳು ದಾರಿಯುದ್ದಕ್ಕೂ ಸೊಸೆಯನ್ನು ಬೈಯುತ್ತಿದ್ದಳು, ನಾನು ಅತ್ತೆಯನ್ನು. ಸಾವಕಾಶವಾಗಿ ಒಂದಿಷ್ಟು ತೂಕ ಇಳಿಯಿತು. ರಕ್ತದ ಸಿಡುಕು ಒಂದಿಷ್ಟು ಇಳಿಯಿತು. ಕುರ ಈಗಲೂ ಬರುತ್ತವೆ, ಆದರೆ ಅಪರೂಪಕ್ಕೆ. ಗುಳಿಗೆಯಿಂದ ಎಷ್ಟು, ಕತ್ತರಿಯಿಂದ ಎಷ್ಟು, ನಡಿಗೆಯಿಂದ ಎಷ್ಟು ಎಂದು ಡಾಕ್ಟರಬಾಯಿಗೂ ಹೇಳಲಾಗಲಿಲ್ಲ. ನಾನು ಇನ್ನೂ ದಪ್ಪವೇ ಇದ್ದೇನೆ. ಆ ಜನರಿಗೆ ಶಬ್ದ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಆ ಶಬ್ದವನ್ನು ಕಲ್ಲಿನ ಹಾಗೆ ಎಸೆದರು, ಆದ್ದರಿಂದ ಅದರೊಳಗಿನ ನಿಜ ನನಗೆ ಮುಟ್ಟಲು ಇಷ್ಟು ತಡವಾಯಿತು.

ಮುಂದಿನ ಜೂನ್‌ನಲ್ಲಿ ಮಂಗಸೂಳಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಹಲಗೆಯ ಮೇಲೆ ಒಂದು ಸಾಲು ಬರೆಯಲು ಹೇಳಿದರು. ತುದಿಯಲ್ಲಿ ಬರೆದೆ.

ಆ ವರ್ಷದ ಭಾದ್ರಪದದಲ್ಲಿ ಚಂಪಾ ಅತ್ತೆ ಮತ್ತೆ ಬಂದಳು. ಅಥಣಿಯಲ್ಲೆಲ್ಲ ಅವಳು ಹೇಳಿಕೊಂಡು ತಿರುಗುತ್ತಿದ್ದ ಕಥೆ ನನ್ನ ಕಿವಿಗೂ ಬಿದ್ದಿತ್ತು. ನಮ್ಮ ಪದ್ದಿಯ ಕುರ ಉಪವಾಸದಿಂದ ಹೋಯಿತು, ಪೂರಾ ಮಾಡಿದ್ದರೆ ಇನ್ನೂ ಸಣ್ಣಗಾಗುತ್ತಿದ್ದಳು ಎಂದು. ಈ ಸಲ ಅವಳ ಜೊತೆ ಗಂಡನ ಕಡೆಯ ಸಂಬಂಧದ ಹುಡುಗಿಯೊಬ್ಬಳಿದ್ದಳು. ತ್ರಿಶಲಾ ಎಂದು ಹೆಸರು. ಕಾಲೇಜಿಗೆ ಹೋಗುವ ವಯಸ್ಸು, ನನ್ನಷ್ಟೇ ಮೈ. ಸೆಕೆಯಲ್ಲೂ ದುಪಟ್ಟಾವನ್ನು ಎರಡೂ ತೋಳಿನ ಮೇಲೆ ಬಿಗಿಯಾಗಿ ಹೊದ್ದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಕೂತಿದ್ದಳು. ಆ ಕೂರುವ ರೀತಿ ನನಗೆ ಗೊತ್ತು.

ಪಡಸಾಲೆಯಲ್ಲಿ ಕಳೆದ ವರ್ಷ ಬಂದಿದ್ದ ಹೆಂಗಸರಲ್ಲಿ ನಾಲ್ಕೈದು ಜನ ಇದ್ದರು. ಆಯಿ ತನ್ನ ಹೊಸ್ತಿಲಲ್ಲಿದ್ದಳು. ಅತ್ತೆ ಹುಡುಗಿಯ ಬೆನ್ನು ತಟ್ಟಿ ನನಗೆ ಹೇಳಿದಳು. “ಇಕಿಗೂ ಹತ್ತ ಉಪವಾಸ ಮಾಡಸೂನು ಅಂತ ಐತಿ. ಅಂಜಾಕತ್ತಾಳ. ನೀ ಹೆಂಗ ಮಾಡಿದಿ, ಮೈ ಹೆಂಗ ಇಳೀತು, ಅದನ್ನಷ್ಟ ಹೇಳ ಇಕಿಗೆ.”

ಹೇಳಲು ಬಾಯಿ ತೆರೆದೆ. ಆಮೇಲೆ ಬೇಡ ಎನಿಸಿತು. ನಾಲ್ಕು ವರ್ಷ ಮುಚ್ಚಿ ಮುಚ್ಚಿ ನಾನು ಯಾರ ಮಾನ ಕಾಯ್ದೆ ಎಂದು ಸಿಟ್ಟು ಬಂತು. ಸೆರಗು ತೆಗೆದೆ. ಕುಪ್ಪಸದ ತೋಳನ್ನು ಭುಜದವರೆಗೆ ಮೇಲಕ್ಕೆ ಎಳೆದೆ. ಬಲಗೈಯನ್ನು ಪೂರ್ತಿ, ಕಿವಿ ಮುಟ್ಟುವ ಹಾಗೆ ಎತ್ತಿ ಹಿಡಿದೆ. ಅಂಗೈಯಗಲದ ಕಲೆ, ಸುಕ್ಕು ಬಿದ್ದು ಹೊಳೆಯುವ ಚರ್ಮ, ಅಂಚಿನಲ್ಲಿ ಆ ವಾರ ತಾನೇ ಎದ್ದ ಒಂದು ಸಣ್ಣ ಕುರ. ಒಬ್ಬಳು ಮುಖ ತಿರುಗಿಸಿದಳು, ತಿರುಗಿಸಲಿ ಎಂದು ಬಿಟ್ಟೆ.

“ಇದ ನೋಡ್ರಿ ಅತ್ತಿ, ಉಪವಾಸದಿಂದ ಹೋದದ್ದು. ಈಗ ನೀವೆಲ್ಲಾರೂ ಸ್ವಲ್ಪ ಹೊರಗ ಕೂಡ್ರಿ. ನಂಗ ಈ ಹುಡುಗಿ ಕೂಡ ಮಾತಾಡೂದೈತಿ.”

ಅತ್ತೆ ಕದಲಲಿಲ್ಲ. ಆಯಿ ಹೊಸ್ತಿಲಿನಿಂದ, “ಏಳ ಚಂಪಾ” ಎಂದಳು. ಆಗ ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಹೊರಗೆ ಹೋದರು. ಆಯಿ ಹೊರಗಿನಿಂದ ಬಾಗಿಲು ಎಳೆದುಕೊಂಡಳು.

ನನ್ನ ಕೈ ಇನ್ನೂ ಮೇಲೆಯೇ ಇತ್ತು. ತ್ರಿಶಲಾ ಆ ಕಲೆಯನ್ನೇ ನೋಡುತ್ತಿದ್ದಳು. “ತೊಡಿ ಸಂದ್ಯಾಗೂ ಐತೇನು?” ಎಂದು ಕೇಳಿದೆ. ಅವಳು ದುಪಟ್ಟಾ ತೆಗೆದು ಪಕ್ಕಕ್ಕಿಟ್ಟಳು, ಹಲ್ಲು ಕಚ್ಚಿಕೊಂಡು, ಆಗುವಷ್ಟು ಮೇಲಕ್ಕೆ, ತನ್ನ ಬಲಗೈ ಎತ್ತಿದಳು.